ಬಿಪಿ ಮಾತ್ರೆ ನುಂಗಿದರೆ ನೋವು ಹೆಚ್ಚೇ?

ಪ್ರಶ್ನೆ: ಎನಲಾಪ್ರಿಲ್ ಶುರುಮಾಡಿದ ಮೇಲೆ ಸಣ್ಣ ಪೆಟ್ಟೂ ಜೋರಾಗಿ ನೋಯುತ್ತದೆ. ಮಂಡಿ, ಸೊಂಟವೂ ಹಿಡಿದುಕೊಂಡಿವೆ. ಇದು ಮಾತ್ರೆಯದ್ದೇ ಕಿತಾಪತಿಯೇ?
– ಓದುಗರೊಬ್ಬರು, ಮುಳಬಾಗಿಲು

ಉತ್ತರ: ನಿಮ್ಮ ಅನುಮಾನ ತಳ್ಳಿಹಾಕುವಂಥದ್ದಲ್ಲ. ರಕ್ತದೊತ್ತಡ ಹೆಚ್ಚಿರುವವರಿಗೆ ನೋವು ಕೊಂಚ ಮಂದವಾಗಿ ತಿಳಿಯುತ್ತದೆಂಬುದು 1980ರ ಸುಮಾರಿಗೇ ಗೊತ್ತಾಗಿತ್ತು. ಹಾಗಾಗಿ ಮಾತ್ರೆಯಿಂದ ಒತ್ತಡ ಇಳಿದಾಗ ಆ ಮಂದತನವೂ ತಗ್ಗಬಹುದೆಂಬ ಊಹೆಗೆ ಜಾಗವಿದೆ. ಇನ್ನು, ದೇಹದಲ್ಲಿ ಬ್ರಾಡಿಕೈನಿನ್ ಎಂಬ ವಸ್ತುವನ್ನು ಒಡೆಯುವ ಕಿಣ್ವವನ್ನೇ ಎನಲಾಪ್ರಿಲ್ ತಡೆಯುತ್ತದೆ. ಅದು ಒಡೆಯದೆ ಉಳಿದಾಗ ಕೆಲವರಿಗೆ ಒಣಕೆಮ್ಮು ಹತ್ತುತ್ತದೆ. ಅದೇ ಬ್ರಾಡಿಕೈನಿನ್ ನೋವಿನ ನರಗಳನ್ನೂ ಕೆರಳಿಸಬಲ್ಲದು. ಆದರೆ ಈ ಮಾತ್ರೆಯಿಂದ ನೋವು ಹೆಚ್ಚುತ್ತದೆಂದು ಮನುಷ್ಯರಲ್ಲಿ ಖಚಿತವಾಗಿ ಸಾಬೀತಾಗಿಲ್ಲ.

ಮಂಡಿ, ಸೊಂಟದ ವಿಚಾರಕ್ಕೆ ಬಂದರೆ ನನ್ನ ಗುಮಾನಿ ಮಾತ್ರೆಗಿಂತ ನಿಮ್ಮ ಬಿಂದಿಗೆಯ ಮೇಲೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಆಳದ ಕೊಳವೆಬಾವಿಗಳಿಗೆ ಫ್ಲೋರೈಡ್ ಹಳೆಯ ಪೀಡೆ. ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಬಹಳವಾಗಿ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಬೆನ್ನು, ಕೀಲು ಬಿಗಿಯುತ್ತವೆ. ಬಾಲ್ಯದಿಂದ ಕುಡಿದವರ ಹಲ್ಲಿನ ಮೇಲೆ ಕಂದು ಕಲೆ ಕಾಣುತ್ತದೆ. ಕುದಿಸಿದರೆ ಫ್ಲೋರೈಡ್ ಹೋಗದು, ನೀರು ಆವಿಯಾಗಿ ಇನ್ನಷ್ಟು ಸಾಂದ್ರವಾಗುತ್ತದೆ!

ಮೊದಲು ನೀರು ಪರೀಕ್ಷೆ ಮಾಡಿಸಿ. ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ. ಬದಲಿ ಮಾತ್ರೆಗಳು ಬೇಕಾದಷ್ಟಿವೆ, ವೈದ್ಯರನ್ನೇ ಕೇಳಿ.