ಅಟೋಚಾದ ಬೆಳ್ಳಿಗೆ ದಾರಿ ತೋರಿದ ದಫ್ತರ

1622ರ ಸೆಪ್ಟೆಂಬರ್ 4ರಂದು ಹವಾನಾ ಬಂದರಿನಿಂದ 28 ಹಡಗುಗಳು ಸ್ಪೇನಿನತ್ತ ಹೊರಟವು. ಚಂಡಮಾರುತದ ಕಾಲ ಅದು. ಆದರೆ ಯುದ್ಧದ ಸಾಲದಲ್ಲಿ ಮುಳುಗಿದ್ದ ಸ್ಪೇನಿನ ದೊರೆಗೆ ದಕ್ಷಿಣ ಅಮೆರಿಕದ ಪೊಟೊಸಿ ಗಣಿಯ ಬೆಳ್ಳಿ ಬೇಕಿತ್ತು. ಎರಡೇ ದಿನದಲ್ಲಿ ಬಿರುಗಾಳಿ ಎರಗಿತು. ಬೆಂಗಾವಲಿಗೆಂದು ಕೊನೆಯಲ್ಲಿ ಬರುತ್ತಿದ್ದ ‘ನುಯೆಸ್ತ್ರಾ ಸೆನ್ಯೋರಾ ದೆ ಅಟೋಚಾ’ ಫ್ಲಾರಿಡಾದ ದಕ್ಷಿಣದ ದಿಬ್ಬಗಳಿಗೆ ಬಡಿದು ಮುಳುಗಿತು. ಹಡಗಿನಲ್ಲಿದ್ದ 265 ಜನರಲ್ಲಿ ಬದುಕಿದವರು ಮೂವರು ನಾವಿಕರು ಮತ್ತು ಇಬ್ಬರು ಗುಲಾಮರು. ಕೂವೆಮರವನ್ನು ತಬ್ಬಿಕೊಂಡು ಅವರು ಜೀವ ಉಳಿಸಿಕೊಂಡಿದ್ದರು.

ಹಡಗು ಬಿದ್ದದ್ದು ಸುಮಾರು 55 ಅಡಿ ಆಳದಲ್ಲಿ. ಸ್ಪೇನಿನವರು ಬೇಗನೆ ಪತ್ತೆ ಹಚ್ಚಿದರೂ ಮುಳುಗುಗಾರರಿಗೆ ಅದರ ಬಾಗಿಲುಗಳನ್ನು ತೆರೆಯಲಾಗಲಿಲ್ಲ. ಸಲಕರಣೆ ತರುವಷ್ಟರಲ್ಲಿ, ಅಕ್ಟೋಬರಿನಲ್ಲಿ, ಇನ್ನೊಂದು ಚಂಡಮಾರುತ ಬಂದು ಹಡಗನ್ನು ಚೂರುಚೂರು ಮಾಡಿ ಮರಳಿನಡಿ ಹರಡಿತು.

ನಿಧಿಶೋಧಕ ಮೆಲ್ ಫಿಶರ್ 1969ರಲ್ಲಿ ಹುಡುಕಾಟ ಶುರು ಮಾಡಿದಾಗ ಎಲ್ಲರಂತೆ ಅವರೂ ಫ್ಲಾರಿಡಾದ ಮಾತೆಕುಂಬೆ ದ್ವೀಪದ ಸುತ್ತಲೇ ಜಾಲಾಡಿದರು. ದಾರಿ ತಿದ್ದಿದವರು ಇತಿಹಾಸಕಾರ ಯೂಜೀನ್ ಲಯನ್. ಸ್ಪೇನಿನ ಸೆವಿಲ್ಲಾದ ಪತ್ರಾಗಾರದಲ್ಲಿ ಹುಳು ತಿಂದ ಕಾಗದಗಳ ನಡುವೆ ಅವರಿಗೆ ಹಳೆಯ ಲೆಕ್ಕಪತ್ರವೊಂದು ಸಿಕ್ಕಿತು. ಹಡಗು ಮುಳುಗಿದ ಜಾಗ ಮಾರ್ಕೆಸಾಸ್ ದ್ವೀಪಗಳ ಬಳಿ, ಎಂದರೆ ಕೀ ವೆಸ್ಟ್‌ನಿಂದ ಇನ್ನೂ ಪಶ್ಚಿಮಕ್ಕೆ ಎಂದು ಅದು ಹೇಳಿತು. 1973ರಲ್ಲಿ ಸಿಕ್ಕ ಬೆಳ್ಳಿ ಗಟ್ಟಿಗಳ ಮೇಲಿನ ಅಂಕಿಗಳು ಅಟೋಚಾದ ಸರಕುಪಟ್ಟಿಗೆ ತಾಳೆಯಾದವು. ಈ ಇಡೀ ಕಥೆಯಲ್ಲಿ ನನಗೆ ಅತ್ಯಂತ ದೊಡ್ಡದಾಗಿ ಕಾಣುವುದು ಲಯನ್ ಅವರ ತಾಳ್ಮೆಯ ಓದು.

ಫಿಶರ್ ತೆತ್ತ ಬೆಲೆಯೂ ಸಣ್ಣದಲ್ಲ. 1975ರ ಜುಲೈಯಲ್ಲಿ ಮಗ ಡರ್ಕ್ ಕಂಚಿನ ಫಿರಂಗಿಗಳನ್ನು ಕಂಡುಹಿಡಿದ. ಕೆಲವೇ ದಿನಗಳಲ್ಲಿ, 20ರಂದು, ದೋಣಿ ಮಗುಚಿ ಡರ್ಕ್, ಅವನ ಹೆಂಡತಿ ಮತ್ತು ಇನ್ನೊಬ್ಬ ಮುಳುಗುಗಾರ ತೀರಿಕೊಂಡರು. ಹತ್ತು ವರ್ಷಗಳ ನಂತರ ಅದೇ ತಾರೀಖಿನಂದು ಬೆಳ್ಳಿಯ ಮುಖ್ಯ ರಾಶಿ ಸಿಕ್ಕಿತು. ಗಟ್ಟಿಗಳ ಜೊತೆ ಸಾವಿರಾರು ನಾಣ್ಯ, ಚಿನ್ನ, ಕೊಲಂಬಿಯಾದ ಪಚ್ಚೆಗಳೂ ಇದ್ದವು.

ಇಲ್ಲಿಂದ ಮುಂದಿನದು ನನಗೆ ಒಪ್ಪಿಗೆಯಾಗದ ಭಾಗ. ಫಿಶರ್ ತಂಡದವರು ದೋಣಿಯ ಪ್ರೊಪೆಲ್ಲರಿಗೆ ಬಾಗಿದ ದೊಡ್ಡ ಕೊಳವೆ ಜೋಡಿಸಿ, ನೀರನ್ನು ಕೆಳಕ್ಕೆ ನುಗ್ಗಿಸಿ ಮರಳಿನಲ್ಲಿ ಗುಂಡಿ ತೋಡುತ್ತಿದ್ದರು. ಯಾವ ವಸ್ತು ಯಾವುದರ ಪಕ್ಕದಲ್ಲಿತ್ತು ಎಂಬ ಗುರುತು ಹಾಗೆ ಅಳಿಸಿದರೆ ಮತ್ತೆ ಬರುವುದಿಲ್ಲ. ನಿಧಿ ಯಾರದು ಎಂಬ ಬಗ್ಗೆ ಫ್ಲಾರಿಡಾ ಸರ್ಕಾರದ ಜೊತೆಗಿನ ವ್ಯಾಜ್ಯದಲ್ಲಿ ಫಿಶರ್ ಗೆದ್ದಿದ್ದರು. ನಿಧಿಯ ಒಂದು ಪಾಲು ಕೀ ವೆಸ್ಟ್‌ನ ಮ್ಯೂಸಿಯಂ ಸೇರಿತು. ಬಹುಪಾಲು ಹೂಡಿಕೆದಾರರಿಗೆ ಹಂಚಿಹೋಯಿತು, ಹರಾಜಾಯಿತು. ಪೊಟೊಸಿಯ ಗಣಿಯಲ್ಲಿ ಬಲವಂತಕ್ಕೆ ದುಡಿದು ಸತ್ತ ಆಂಡೀಸ್‌ನ ಜನರ ಕುರುಹು ಕೂಡ ಆ ಬೆಳ್ಳಿಯೇ. ಅದು ಯಾರದೋ ತಿಜೋರಿ ಸೇರಿತು.

1804ರಲ್ಲಿ ಮುಳುಗಿದ ಸ್ಪೇನಿನ ‘ಮರ್ಸಿಡಿಸ್’ ಹಡಗಿನ ಪಾಡು ಬೇರೆಯಾಯಿತು. ಅಮೆರಿಕದ ಕಂಪನಿಯೊಂದು 2007ರಲ್ಲಿ ಎತ್ತಿದ ಸುಮಾರು 17 ಟನ್ ನಾಣ್ಯಗಳನ್ನು ಕೋರ್ಟಿನ ಆದೇಶದಂತೆ 2012ರಲ್ಲಿ ಸ್ಪೇನಿಗೆ ಒಪ್ಪಿಸಬೇಕಾಯಿತು. ಈಗ ಅವನ್ನು ಸ್ಪೇನಿನ ಕಾರ್ತಹೇನಾದ ಮ್ಯೂಸಿಯಂನಲ್ಲಿ ಯಾರು ಬೇಕಾದರೂ ನೋಡಬಹುದು. ಅಟೋಚಾದ ಹಿಂಭಾಗ ಇನ್ನೂ ಸಿಕ್ಕಿಲ್ಲ. ಸಿಕ್ಕ ದಿನ ಅದು ಹರಾಜುಕಟ್ಟೆ ಹತ್ತದೆ ಇಡಿಯಾಗಿ ಮ್ಯೂಸಿಯಂ ಸೇರಬೇಕು.