ಮರೆಮಾಚಿದ ಚರಿತ್ರೆ ಪ್ರದರ್ಶನಕ್ಕೆ ಬಂದ ಬಗೆ

ಲೈಂಗಿಕ ಅಲ್ಪಸಂಖ್ಯಾತರ ಚರಿತ್ರೆಯನ್ನು ಪ್ರದರ್ಶನಕ್ಕೆ ಇಡುವವರಿಗೆ ಮೊದಲು ಎದುರಾಗುವುದು ವಸ್ತುಗಳ ಅಭಾವ. ರಾಜಮನೆತನವೊಂದರ ಕಥೆ ಹೇಳಲು ಶಾಸನ, ನಾಣ್ಯ, ಆಯುಧಗಳು ಸಿಗುತ್ತವೆ. ಸಲಿಂಗಪ್ರೇಮಿಗಳ ಮತ್ತು ಟ್ರಾನ್ಸ್‌ಜೆಂಡರ್ ಜನರ ಬದುಕಿನ ಕುರುಹುಗಳು ಹಾಗೆ ಉಳಿದು ಬಂದಿಲ್ಲ. ಕಾನೂನಿಗೆ ಹೆದರಿ ಎಷ್ಟೋ ಜನ ತಮ್ಮ ಪತ್ರಗಳನ್ನು ತಾವೇ ಸುಟ್ಟುಹಾಕಿದರು. ಅವರು ತೀರಿಕೊಂಡ ಮೇಲೆ ಮನೆಯವರು ಮಾನಕ್ಕೆ ಅಂಜಿ ಫೋಟೊ, ಡೈರಿಗಳನ್ನು ಎಸೆದರು. ಉಳಿದದ್ದು ಹೆಚ್ಚಾಗಿ ಅವರನ್ನು ಶಿಕ್ಷಿಸಿದವರು ಬರೆದಿಟ್ಟ ಕಡತಗಳು: ಪೊಲೀಸರ ದಾಖಲೆ, ನ್ಯಾಯಾಲಯದ ತೀರ್ಪು, ವೈದ್ಯರ ಟಿಪ್ಪಣಿ. ಬ್ರಿಟಿಷ್ ಸರ್ಕಾರ 1871ರಲ್ಲಿ ತಂದ ಅಪರಾಧಿ ಬುಡಕಟ್ಟುಗಳ ಕಾಯ್ದೆಯು ಅನುಮಾನಕ್ಕೆ ಒಳಗಾದ ಹಿಜಡಾಗಳ ಹೆಸರು, ವಾಸಸ್ಥಳಗಳ ಪಟ್ಟಿ ಇಡಲು ಹೇಳಿತು. ಇಂದು ಆ ಸಮುದಾಯದ ಚರಿತ್ರೆ ಹುಡುಕುವವರು ಅಂಥ ಪಟ್ಟಿಗಳನ್ನೇ ಓದಬೇಕಾಗಿದೆ, ಆದರೆ ಬರೆದವರ ಕಣ್ಣಿನಿಂದಲ್ಲ.

ಕೂಡಿಟ್ಟದ್ದನ್ನು ನಾಶಮಾಡಿದ್ದೂ ಉಂಟು. ವೈದ್ಯ ಮಾಗ್ನುಸ್ ಹಿರ್ಷ್‌ಫೆಲ್ಡ್ 1919ರಲ್ಲಿ ಬರ್ಲಿನ್ ನಗರದಲ್ಲಿ ಲೈಂಗಿಕ ವಿಜ್ಞಾನದ ಸಂಸ್ಥೆಯೊಂದನ್ನು ತೆರೆದರು. ಚಿಕಿತ್ಸೆ, ಸಲಹೆಗಳ ಜೊತೆಗೆ ಅಲ್ಲಿ ದೊಡ್ಡ ಗ್ರಂಥಾಲಯ, ಚಿತ್ರಗಳ ಸಂಗ್ರಹ ಇದ್ದವು. 1933ರ ಮೇ 6ರಂದು ನಾಜಿ ಪಕ್ಷದ ಬೆಂಬಲಿಗ ವಿದ್ಯಾರ್ಥಿಗಳು ನುಗ್ಗಿ ಅದನ್ನು ಲೂಟಿ ಮಾಡಿದರು. ಮೇ 10ರ ರಾತ್ರಿ ಒಪೆರಾ ಚೌಕದಲ್ಲಿ ಹಚ್ಚಿದ ಬೆಂಕಿಗೆ ಅಲ್ಲಿನ ಪುಸ್ತಕಗಳೂ ಬಿದ್ದವು.

ಅರ್ಧ ಶತಮಾನ ಕಳೆದ ಮೇಲೆ ಅದೇ ನಗರ ಈ ಚರಿತ್ರೆಗೆ ಮತ್ತೆ ಜಾಗ ಕೊಟ್ಟಿತು. 1984ರಲ್ಲಿ ಬರ್ಲಿನ್ ಮ್ಯೂಸಿಯಂ ‘ಎಲ್ಡೊರಾಡೊ’ ಎಂಬ ಪ್ರದರ್ಶನ ಏರ್ಪಡಿಸಿತು. ಸಲಿಂಗಪ್ರೇಮಿ ಹೆಂಗಸರು ಮತ್ತು ಗಂಡಸರು 1850ರಿಂದ 1950ರವರೆಗೆ ಆ ಊರಿನಲ್ಲಿ ಬದುಕಿದ ಬಗೆಯೇ ಅದರ ವಸ್ತು. ಅದಕ್ಕಾಗಿ ದುಡಿದ ಉತ್ಸಾಹಿಗಳು ಮರುವರ್ಷವೇ ‘ಷ್ವೂಲೆಸ್ ಮ್ಯೂಸಿಯಂ’ ಸ್ಥಾಪಿಸಿದರು. ಗಂಡಸರ ಸಲಿಂಗ ಸಂಬಂಧವನ್ನು ಅಪರಾಧವೆಂದ 175ನೇ ಕಲಮು ಸಡಿಲಗೊಂಡಿದ್ದರೂ ಆಗಿನ್ನೂ ಜಾರಿಯಲ್ಲಿತ್ತು. ಪೂರ್ತಿ ರದ್ದಾದದ್ದು 1994ರಲ್ಲಿ. 2015ರಲ್ಲಿ ಜರ್ಮನಿಯ ರಾಷ್ಟ್ರೀಯ ಚರಿತ್ರೆಯ ಮ್ಯೂಸಿಯಂ ಈ ಸಂಸ್ಥೆಯ ಜೊತೆ ಸೇರಿ ಸಲಿಂಗಪ್ರೇಮದ ಚರಿತ್ರೆಯ ಮೇಲೆ ದೊಡ್ಡ ಪ್ರದರ್ಶನ ನಡೆಸಿತು. ಸಮುದಾಯ ತಾನೇ ಉಳಿಸಿಕೊಂಡ ಚರಿತ್ರೆ ಹೀಗೆ ದೇಶದ ಚರಿತ್ರೆಯ ಭಾಗವಾಯಿತು.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲೂ ಸಂಗ್ರಹ ಶುರುವಾದದ್ದು 1985ರಲ್ಲೇ. ಅಲ್ಲಿನ ಜಿಎಲ್‌ಬಿಟಿ ಹಿಸ್ಟಾರಿಕಲ್ ಸೊಸೈಟಿ 2011ರಲ್ಲಿ ಕ್ಯಾಸ್ಟ್ರೊ ಬಡಾವಣೆಯಲ್ಲಿ ಮ್ಯೂಸಿಯಂ ತೆರೆಯಿತು. ಕಲಾವಿದ ಗಿಲ್ಬರ್ಟ್ ಬೇಕರ್ ಮತ್ತು ಗೆಳೆಯರು ಕೈಯಾರೆ ಬಣ್ಣ ಹಾಕಿ ಹೊಲಿದು 1978ರಲ್ಲಿ ಹಾರಿಸಿದ ಈ ಸಮುದಾಯದ ಗುರುತಾದ ಮೊದಲ ಕಾಮನಬಿಲ್ಲಿನ ಬಾವುಟ ಕಳೆದೇಹೋಯಿತೆಂದು ಎಲ್ಲರೂ ನಂಬಿದ್ದರು. ಅದರ ಒಂದು ತುಂಡು 2021ರಲ್ಲಿ ಈ ಮ್ಯೂಸಿಯಂ ಸೇರಿತು. ಲಂಡನ್‌ನಲ್ಲಿ 2022ರಲ್ಲಿ ಬಾಗಿಲು ತೆರೆದ ‘ಕ್ವಿಯರ್ ಬ್ರಿಟನ್’ ಮ್ಯೂಸಿಯಂ, ಸಾಹಿತಿ ಆಸ್ಕರ್ ವೈಲ್ಡ್ ಅವರನ್ನು ಸಲಿಂಗ ಸಂಬಂಧಕ್ಕಾಗಿ ಕೂಡಿಹಾಕಿದ್ದ ರೆಡಿಂಗ್ ಜೈಲಿನ ಕೋಣೆಯ ಬಾಗಿಲನ್ನು ಪ್ರದರ್ಶನಕ್ಕಿಟ್ಟಿತು. ಶಿಕ್ಷೆಯ ಸಾಧನವಾಗಿದ್ದ ಬಾಗಿಲು ಅಲ್ಲಿ ಶಿಕ್ಷಿಸಿದ ಕಾನೂನಿನ ವಿರುದ್ಧವೇ ಸಾಕ್ಷಿ ನುಡಿಯುತ್ತದೆ.

ವಸ್ತುವಿಗೆ ಇಂಥ ಮಾತು ಕೊಡುವುದು ಪ್ರದರ್ಶನ ರೂಪಿಸುವ ಕ್ಯುರೇಟರ್ ಮಾಡುವ ಆಯ್ಕೆ, ಜೋಡಣೆ ಮತ್ತು ವಿವರಣೆ. ಬಂಧನದ ದಾಖಲೆಯೊಂದನ್ನೇ ತೂಗುಹಾಕಿದರೆ ನೋಡುವವರಿಗೆ ಅಪರಾಧಿ ಕಾಣುತ್ತಾನೆ. ಅದರ ಪಕ್ಕದಲ್ಲಿ ಅದೇ ಕಾಲದ ಪ್ರೇಮಪತ್ರ, ಗೆಳೆಯರ ಗುಂಪಿನ ಫೋಟೊ ಇಟ್ಟರೆ ಮನುಷ್ಯ ಕಾಣುತ್ತಾನೆ. ಈ ಸಂಗ್ರಹಗಳಲ್ಲಿ ಬೆಲೆಬಾಳುವ ಕಲಾಕೃತಿಗಳಿಗಿಂತ ಕರಪತ್ರ, ಬ್ಯಾಡ್ಜ್, ಪೋಸ್ಟರ್, ಕ್ಯಾಸೆಟ್‌ಗಳೇ ಹೆಚ್ಚು. ಅಗ್ಗದ ಕಾಗದ ಬೇಗ ಹಳದಿಯಾಗಿ ಪುಡಿಯಾಗುತ್ತದೆ. ಆದ್ದರಿಂದ ಕಾಗದವನ್ನು ಆಮ್ಲರಹಿತ ಹೊದಿಕೆಯಲ್ಲಿಡುತ್ತಾರೆ. ಕಾಗದ, ಬಟ್ಟೆಗಳ ಮೇಲೆ ಬೀಳುವ ಬೆಳಕನ್ನು ಸಾಮಾನ್ಯವಾಗಿ 50 ಲಕ್ಸ್ ಮೀರದಂತೆ ನೋಡಿಕೊಳ್ಳುತ್ತಾರೆ. ಕ್ಯಾಸೆಟ್, ವಿಡಿಯೊ ಟೇಪ್‌ಗಳನ್ನು ಕೆಡುವ ಮೊದಲೇ ಡಿಜಿಟಲ್ ರೂಪಕ್ಕೆ ಇಳಿಸುತ್ತಾರೆ.

ಕಟ್ಟಡವೇ ಇಲ್ಲದೆ ಬೆಳೆದ ಪ್ರದರ್ಶನವೂ ಇದೆ. ಏಡ್ಸ್‌ನಿಂದ ಸತ್ತವರ ಆಪ್ತರು, ಹೋರಾಟಗಾರ ಕ್ಲೀವ್ ಜೋನ್ಸ್ ಅವರ ಯೋಚನೆಯಂತೆ, ಒಬ್ಬೊಬ್ಬರ ಹೆಸರಿನಲ್ಲಿ 3 ಅಡಿ ಅಗಲ, 6 ಅಡಿ ಉದ್ದದ ಬಟ್ಟೆ ಹೊಲಿದರು. ಅದು ಸುಮಾರು ಒಂದು ಸಮಾಧಿಯ ಅಳತೆ. 1987ರ ಅಕ್ಟೋಬರ್ 11ರಂದು ಇಂಥ 1,920 ಬಟ್ಟೆಗಳನ್ನು ವಾಷಿಂಗ್ಟನ್‌ನ ನ್ಯಾಷನಲ್ ಮಾಲ್ ಮೈದಾನದಲ್ಲಿ ಹಾಸಿದರು. ಈಗ ಅವು ಸುಮಾರು 50,000 ಇವೆ. ಅಂಕಿ ಅಂಶವಾಗಿದ್ದ ಸಾವುಗಳಿಗೆ ಅಲ್ಲಿ ಹೆಸರು ಸಿಕ್ಕಿತು.

ಆದರೆ ಎಲ್ಲ ಹೆಸರನ್ನೂ ಹೀಗೆ ಬಹಿರಂಗ ಮಾಡಲಾಗದು. ಹಳೆಯ ಫೋಟೊದಲ್ಲಿ ಇರುವವರು ತಮ್ಮ ಗುಟ್ಟನ್ನು ಮನೆಯವರಿಗೂ ಹೇಳಿರಲಿಕ್ಕಿಲ್ಲ. ಅದಕ್ಕಾಗಿ ಬದುಕಿರುವವರ ಒಪ್ಪಿಗೆ ಕೇಳುವುದು, ಮುಖ ಮರೆಸುವುದು, ಕೆಲವು ಕಡತಗಳನ್ನು ನಿಗದಿತ ವರ್ಷಗಳವರೆಗೆ ಮುಚ್ಚಿಡುವುದು ಅಗತ್ಯ. ಹಿಂದಿನವರಿಗೆ ಇಂದಿನ ಗುರುತುಗಳನ್ನು ಅಂಟಿಸುವಾಗಲೂ ಎಚ್ಚರ ಬೇಕು. ಉತ್ತರ ಕರ್ನಾಟಕದ ಜೋಗಪ್ಪಂದಿರ ಬದುಕಿನಲ್ಲಿ ಎಲ್ಲಮ್ಮನ ಭಕ್ತಿ, ಚೌಡಿಕೆಯ ಹಾಡು, ಲಿಂಗಭಾವ ಒಂದಕ್ಕೊಂದು ಬೆಸೆದಿವೆ. ಪ್ರದರ್ಶನದ ಫಲಕ ಒಂದನ್ನು ಹೇಳಿ ಮತ್ತೊಂದನ್ನು ಬಿಟ್ಟರೆ ಅವರ ಕಥೆ ಅರ್ಧವಾಗುತ್ತದೆ. ಜೋಗತಿ ನೃತ್ಯದ ಕಲಾವಿದೆ ಮಂಜಮ್ಮ ಜೋಗತಿ ಅವರಿಗೆ 2021ರಲ್ಲಿ ಪದ್ಮಶ್ರೀ ಘೋಷಣೆಯಾದ ಮೇಲೆ ಈ ಪರಂಪರೆ ಇನ್ನಷ್ಟು ಜನರ ಗಮನಕ್ಕೆ ಬಂದಿದೆ.

ಕರ್ನಾಟಕದಲ್ಲಿ ಈ ಕೆಲಸಕ್ಕೆ ನೆಲೆಯಾಗಿರುವುದು ಬೆಂಗಳೂರಿನ ‘ಕಮ್ರಾ’ ಸಂಗ್ರಹ. ಸಾಕ್ಷ್ಯಚಿತ್ರ ನಿರ್ದೇಶಕಿ ಟಿ. ಜಯಶ್ರೀ ವರ್ಷಗಟ್ಟಲೆ ಚಿತ್ರೀಕರಿಸಿದ ದೃಶ್ಯಗಳು ಅದರ ಬುನಾದಿಯಲ್ಲಿವೆ. ರಾಷ್ಟ್ರೀಯ ಕಾನೂನು ಶಾಲೆ ಅದಕ್ಕೆ ಆಶ್ರಯ ಕೊಟ್ಟಿದೆ. ಸಲಿಂಗ ಸಂಬಂಧವನ್ನು ಅಪರಾಧವಾಗಿಸಿದ್ದ ಭಾರತೀಯ ದಂಡಸಂಹಿತೆಯ 377ನೇ ಕಲಮಿನ ವಿರುದ್ಧ ನಡೆದ ಹೋರಾಟದ ಕಾಗದಪತ್ರಗಳನ್ನೂ ಅದು ಕಾಪಾಡುತ್ತಿದೆ. ಆ ಹೋರಾಟ 2009ರಲ್ಲಿ ದೆಹಲಿ ಹೈಕೋರ್ಟಿನಲ್ಲಿ ಗೆದ್ದು, 2013ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತು, 2018ರ ಸೆಪ್ಟೆಂಬರ್ 6ರಂದು ಅಲ್ಲೇ ಗೆದ್ದಿತು.

ತೀರ್ಪಿನ ಪುಟಗಳು ಹೇಗೂ ಸರ್ಕಾರದ ಬಳಿ ಉಳಿಯುತ್ತವೆ. ಅದಕ್ಕಾಗಿ ಬೀದಿಗೆ ಇಳಿದವರ ಮಾತು, ಅವರ ಕೈಬರಹದ ಫಲಕ, ಮನೆ ಬಿಟ್ಟು ಬಂದವರಿಗೆ ಆಸರೆಯಾದವರ ನೆನಪು ತಾವಾಗಿ ಉಳಿಯುವುದಿಲ್ಲ. ಅವುಗಳನ್ನು ಕಂಡವರು ಇರುವಾಗಲೇ ಕೇಳಿ ದಾಖಲಿಸಬೇಕು, ಜನರ ಮುಂದೆ ಇಡಬೇಕು. ತಮ್ಮಂಥವರು ಹಿಂದೆಯೂ ಇದ್ದರು ಎಂಬುದಕ್ಕೆ ಇಂದಿನ ಎಳೆಯರಿಗೆ ಪುರಾವೆ ಸಿಗುವುದು ಹಾಗೆಯೇ.