ಬೋಟ್ಸ್ವಾನದ ಆನೆಗಳೂ ಬೇಟೆಯ ಲೆಕ್ಕವೂ

ಆಫ್ರಿಕಾ ಖಂಡದ ದಕ್ಷಿಣಭಾಗದಲ್ಲಿರುವ ಬೋಟ್ಸ್ವಾನ ದೇಶದ ಸರ್ಕಾರವು 2014ನೆಯ ಇಸವಿಯ ಜನವರಿಯಲ್ಲಿ ವನ್ಯಮೃಗಗಳ ಬೇಟೆಯನ್ನು ನಿಷೇಧಿಸಿತು. ಕೆಲವು ಖಾಸಗಿ ಮೃಗಕ್ಷೇತ್ರಗಳನ್ನು ಬಿಟ್ಟರೆ ಉಳಿದೆಡೆಯಲ್ಲೆಲ್ಲ ಬಂದೂಕಿನ ಸದ್ದು ಅಡಗಬೇಕೆಂದು ಆಜ್ಞೆಯಾಯಿತು. ಐದು ವರ್ಷಗಳು ಕಳೆದ ಮೇಲೆ, 2019ರ ಮೇ ತಿಂಗಳಲ್ಲಿ, ಹೊಸ ಅಧ್ಯಕ್ಷರ ಸರ್ಕಾರವು ಆ ನಿಷೇಧವನ್ನು ತೆಗೆದುಹಾಕಿತು. ಹಣ ತೆತ್ತು ಪರವಾನಗಿ ಪಡೆದವರು ಆನೆಯನ್ನೂ ಬೇಟೆಯಾಡಬಹುದೆಂದಾಯಿತು.

‘ಸಫಾರಿ’ ಎಂಬ ಮಾತಿಗೆ ಸ್ವಾಹಿಲಿ ಭಾಷೆಯಲ್ಲಿ ಪ್ರಯಾಣವೆಂದು ಅರ್ಥ. ಅದರ ಮೂಲವು ಅರಬ್ಬೀ ಭಾಷೆಯಲ್ಲಿದೆ. ನಮ್ಮವರಿಗೆ ಪರಿಚಿತವಾದ ‘ಸಫರ್’ ಶಬ್ದವು ಇದರ ದಾಯಾದಿಯೇ. ಆದರೆ ಸಫಾರಿಯ ಪುನರಾರಂಭವು ಅಲ್ಲಿ ಕೇವಲ ಪ್ರಯಾಣದ ಸಂಗತಿಯಾಗಿ ಉಳಿಯಲಿಲ್ಲ. ಆನೆಗಳು ಮಿತಿಮೀರಿ ಬೆಳೆದಿವೆ, ರೈತನಿಗೆ ಬದುಕಿಲ್ಲದಂತಾಗಿದೆ ಎಂದು ಒಂದು ಪಕ್ಷದವರು ಹೇಳಿದರು. ಅಳಿವಿನ ಅಂಚಿನತ್ತ ಸಾಗುತ್ತಿರುವ ಪ್ರಾಣಿಯನ್ನು ವಿನೋದಕ್ಕಾಗಿ ಕೊಲ್ಲುವುದು ಅನ್ಯಾಯವೆಂದು ಇನ್ನೊಂದು ಪಕ್ಷದವರು ಹೇಳಿದರು. ಎರಡು ಪಕ್ಷದವರೂ ಸಂಖ್ಯೆಗಳನ್ನೇ ಮುಂದಿಟ್ಟುಕೊಂಡು ವಾದಿಸುತ್ತಾರೆ. ಆದಕಾರಣ ಆ ಸಂಖ್ಯೆಗಳು ಏನನ್ನು ಹೇಳುತ್ತವೆ, ಏನನ್ನು ಹೇಳಲಾರವು ಎಂಬುದನ್ನು ಇಲ್ಲಿ ವಿಚಾರಮಾಡೋಣ.

ದೇಶ ಮತ್ತು ಆನೆಗಳು

ಬೋಟ್ಸ್ವಾನದ ವಿಸ್ತೀರ್ಣ ಸುಮಾರು 5 ಲಕ್ಷ 82 ಸಾವಿರ ಚದರ ಕಿಲೊಮೀಟರುಗಳು. ಎಂದರೆ ನಮ್ಮ ಕರ್ನಾಟಕದ ಮೂರರಷ್ಟು. ಆದರೆ 2022ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ 24 ಲಕ್ಷವನ್ನೂ ಮುಟ್ಟುವುದಿಲ್ಲ. ದೇಶದ ಬಹುಭಾಗವನ್ನು ಕಲಹಾರಿ ಮರಳುಗಾಡು ಆವರಿಸಿದೆ. ಉತ್ತರದಲ್ಲಿ ಮಾತ್ರ ಚೋಬೆ ನದಿಯೂ ಒಕವಾಂಗೋ ನದಿಯ ವಿಶಾಲವಾದ ಮುಖಜಭೂಮಿಯೂ ಇವೆ. ಒಕವಾಂಗೋ ಅಂಗೋಲ ದೇಶದ ಎತ್ತರದ ನಾಡಿನಲ್ಲಿ ಹುಟ್ಟಿ, ಸಮುದ್ರವನ್ನು ಸೇರದೆ, ಈ ಮರಳಿನಲ್ಲಿಯೇ ಹರಡಿ ಇಂಗಿಹೋಗುವ ವಿಚಿತ್ರ ನದಿ. ಈ ನೀರಿನ ಆಸರೆಯಲ್ಲಿ, ಮೊಪಾನಿ ಮರಗಳ ಕಾಡುಗಳಲ್ಲಿ, ಆನೆಗಳು ಬಾಳುತ್ತವೆ.

2022ರಲ್ಲಿ ಬೋಟ್ಸ್ವಾನ, ನಮೀಬಿಯ, ಅಂಗೋಲ, ಜಾಂಬಿಯ, ಜಿಂಬಾಬ್ವೆ ಈ ಐದು ದೇಶಗಳು ಕೂಡಿ ತಮ್ಮ ಗಡಿಗಳು ಸೇರುವ ಪ್ರದೇಶದಲ್ಲಿ ಆನೆಗಳ ಗಣತಿ ನಡೆಸಿದುವು. ಒಟ್ಟು ಸುಮಾರು 2,27,900 ಆನೆಗಳಿವೆ ಎಂದು ಅಂದಾಜಾಯಿತು. ಅವುಗಳಲ್ಲಿ 1,31,909 ಬೋಟ್ಸ್ವಾನ ಒಂದರಲ್ಲಿಯೇ ಇದ್ದುವು. ಲೆಕ್ಕ ಹಾಕಿದರೆ ಅಲ್ಲಿ ಹದಿನೆಂಟು ಮಂದಿಗೆ ಒಂದು ಆನೆ ಇದ್ದಂತಾಯಿತು. ಕರ್ನಾಟಕದಲ್ಲಿ 2023ರ ಗಣತಿಯಂತೆ 6,395 ಆನೆಗಳು. 2011ರ ಜನಗಣತಿಯ ಸಂಖ್ಯೆಯನ್ನು ಹಿಡಿದರೆ ಒಂಬತ್ತು ಸಾವಿರಕ್ಕೂ ಮೇಲ್ಪಟ್ಟ ಜನರಿಗೆ ಒಂದು ಆನೆ. ಇಷ್ಟರಿಂದಲೇ ಹಾಸನ, ಕೊಡಗು ಜಿಲ್ಲೆಗಳ ರೈತರು ಪಡುತ್ತಿರುವ ಪಾಡನ್ನು ಬಲ್ಲ ವಾಚಕರು ಬೋಟ್ಸ್ವಾನದ ಉತ್ತರಭಾಗದ ಹಳ್ಳಿಗನ ಸ್ಥಿತಿಯನ್ನು ಊಹಿಸಿಕೊಳ್ಳಬಹುದು. ದೊಡ್ಡ ಆನೆಯೊಂದು ದಿನವೊಂದಕ್ಕೆ ಸುಮಾರು 150 ಕಿಲೊಗ್ರಾಂ ಮೇವನ್ನು ತಿನ್ನುತ್ತದೆ. ಒಂದು ರಾತ್ರಿ ಹಿಂಡು ನುಗ್ಗಿದರೆ ಜೋಳದ ಹೊಲದಲ್ಲಿ ವರ್ಷದ ಅನ್ನವು ಉಳಿಯುವುದಿಲ್ಲ. ನೀರು ತರಲು ಹೋದವರು, ದನ ಕಾಯುವವರು ಪ್ರಾಣವನ್ನು ಕಳೆದುಕೊಳ್ಳುವುದೂ ಉಂಟು.

ಆನೆಗಳನ್ನು ಎಣಿಸುವ ಬಗೆ

ಇಷ್ಟು ವಿಶಾಲವಾದ ನಾಡಿನಲ್ಲಿ ಆನೆಗಳನ್ನು ಒಂದೊಂದಾಗಿ ಎಣಿಸುವುದು ಸಾಧ್ಯವೆ? ಸಾಧ್ಯವಿಲ್ಲ. ಸಣ್ಣ ವಿಮಾನವೊಂದು ನೆಲದಿಂದ ಸುಮಾರು 90 ಮೀಟರು ಎತ್ತರದಲ್ಲಿ, ಮೊದಲೇ ಗೊತ್ತುಮಾಡಿಕೊಂಡ ನೇರವಾದ ಗೆರೆಗಳ ಮೇಲೆ ಹಾರುತ್ತದೆ. ಒಳಗೆ ಕುಳಿತ ವೀಕ್ಷಕರು ಎಡಬಲಗಳಲ್ಲಿ ಗೊತ್ತಾದ ಅಗಲದ ಪಟ್ಟಿಯೊಳಗೆ ಕಾಣುವ ಆನೆಗಳನ್ನು ಮಾತ್ರ ಎಣಿಸುತ್ತಾರೆ. ಪಟ್ಟಿಗಳ ವಿಸ್ತೀರ್ಣವು ಒಟ್ಟು ವಿಸ್ತೀರ್ಣದ ಎಷ್ಟನೆಯ ಪಾಲು ಎಂಬುದು ತಿಳಿದಿರುವುದರಿಂದ, ತ್ರೈರಾಶಿಯ ರೀತಿಯಲ್ಲಿ ಒಟ್ಟು ಸಂಖ್ಯೆಯನ್ನು ಕಂಡುಹಿಡಿಯಬಹುದು. ಅನ್ನ ಬೆಂದಿದೆಯೇ ಎಂದು ತಿಳಿಯಲು ನಾಲ್ಕು ಅಗುಳನ್ನು ಹಿಸುಕಿ ನೋಡುವಂತೆ ಇದು.

ಹೀಗೆ ಬಂದ ಉತ್ತರಕ್ಕೆ, ಭೌತಶಾಸ್ತ್ರದ ಪ್ರಯೋಗಶಾಲೆಯ ಪ್ರತಿಯೊಂದು ಅಳತೆಗೂ ಇರುವಂತೆ, ತಪ್ಪಿನ ಅವಕಾಶವೊಂದು ಅಂಟಿಕೊಂಡಿರುತ್ತದೆ. ಆನೆಗಳು ನೆಲದ ಮೇಲೆ ಸಮನಾಗಿ ಹರಡಿರುವುದಿಲ್ಲ, ಗುಂಪುಗೂಡಿರುತ್ತವೆ. ಪಟ್ಟಿಯೊಳಗೆ ಒಂದು ದೊಡ್ಡ ಹಿಂಡು ಸಿಕ್ಕರೆ ಉತ್ತರ ಏರುತ್ತದೆ, ತಪ್ಪಿಹೋದರೆ ಇಳಿಯುತ್ತದೆ. ಬೋಟ್ಸ್ವಾನದ ಗಣತಿಗಳನ್ನು ಸಾಲಾಗಿ ನೋಡೋಣ. 2014ರಲ್ಲಿ 1,30,451, 2018ರಲ್ಲಿ 1,26,114, 2022ರಲ್ಲಿ 1,31,909. ಇವುಗಳ ನಡುವಿನ ವ್ಯತ್ಯಾಸವು ಅಳತೆಯ ತಪ್ಪಿನ ಮಿತಿಯನ್ನು ಮೀರುವಂಥದಲ್ಲ. ನಿಷೇಧದ ಕಾಲದಲ್ಲಿ ಆನೆಗಳು ವಿಪರೀತವಾಗಿ ಹೆಚ್ಚಿದುವು ಎಂದಾಗಲಿ, ಬೇಟೆ ಮತ್ತೆ ಮೊದಲಾದ ಮೇಲೆ ಕುಸಿದುವು ಎಂದಾಗಲಿ ಈ ಅಂಕೆಗಳಿಂದ ಸಾಧಿಸಲು ಬರುವುದಿಲ್ಲ. ಆನೆಗಳಿಗೆ ದೇಶಗಳ ಗಡಿ ಗೊತ್ತಿಲ್ಲವೆಂಬುದನ್ನೂ ನೆನಪಿನಲ್ಲಿಡಬೇಕು. ಇಂದು ಇಲ್ಲಿ ಎಣಿಸಿದ ಹಿಂಡು ನಾಳೆ ನಮೀಬಿಯದಲ್ಲಿಯೋ ಅಂಗೋಲದಲ್ಲಿಯೋ ಇರಬಹುದು.

ಬಂದೂಕಿನಿಂದ ಆನೆಗಳು ಕಡಿಮೆಯಾಗುವುವೆ?

ನಿಷೇಧವನ್ನು ತೆಗೆದಾಗ ಸರ್ಕಾರವು ವರ್ಷಕ್ಕೆ 400 ಆನೆಗಳಿಗಿಂತ ಹೆಚ್ಚು ಕೊಲ್ಲಲು ಬಿಡುವುದಿಲ್ಲವೆಂದು ಮಿತಿಯನ್ನು ಹಾಕಿತು. 1,31,909ರಲ್ಲಿ 400 ಎಂದರೆ ಸಾವಿರಕ್ಕೆ ಮೂರು. ಹೆಣ್ಣಾನೆಯ ಗರ್ಭಾವಧಿ 22 ತಿಂಗಳು; ಸಾಮಾನ್ಯವಾಗಿ ನಾಲ್ಕೈದು ವರ್ಷಕ್ಕೊಂದು ಮರಿ. ಹೀಗಿದ್ದರೂ ಅನುಕೂಲವಾದ ಕಾಲದಲ್ಲಿ ಆನೆಗಳ ಸಂಖ್ಯೆ ವರ್ಷಕ್ಕೆ ನೂರಕ್ಕೆ ಐದಾರರಂತೆ ಬೆಳೆಯಬಲ್ಲದು. ಲೆಕ್ಕಕ್ಕಾಗಿ ನೂರಕ್ಕೆ ಮೂರು ಎಂದೇ ಇಟ್ಟುಕೊಳ್ಳೋಣ. ಆಗ ವರ್ಷಕ್ಕೆ ನಾಲ್ಕು ಸಾವಿರದಷ್ಟು ಆನೆಗಳು ಹೆಚ್ಚಬೇಕು. ಚಕ್ರಬಡ್ಡಿಯ ಸೂತ್ರದಂತೆ ಸಂಖ್ಯೆಯು ಇಮ್ಮಡಿಯಾಗಲು 23 ವರ್ಷಗಳು ಸಾಕು. ವರ್ಷಂಪ್ರತಿ 400 ಆನೆಗಳನ್ನು ಕೊಲ್ಲುತ್ತ ಹೋದರೆ ಎಷ್ಟು ಕಾಲ ಹಿಡಿದೀತು? ಸುಮಾರು 25 ವರ್ಷ. ಎರಡು ವರ್ಷ ತಡವಾಯಿತು, ಅಷ್ಟೆ.

ಇದರಿಂದ ಎರಡು ಮಾತುಗಳು ಸ್ಪಷ್ಟವಾಗುತ್ತವೆ. ಆನೆಗಳ ಸಂಖ್ಯೆಯನ್ನು ಹತೋಟಿಗೆ ತರಲು ಬೇಟೆ ಬೇಕು ಎಂಬ ವಾದವು ನಿಲ್ಲುವುದಿಲ್ಲ. ಪರವಾನಗಿಯ ಬೇಟೆಯಿಂದ ಬೋಟ್ಸ್ವಾನದ ಆನೆಸಂಕುಲವೇ ನಾಶವಾಗುವುದು ಎಂಬ ಭಯವೂ ನಿಲ್ಲುವುದಿಲ್ಲ. ನಿಜವಾಗಿ ಸಂಖ್ಯೆಯನ್ನು ತಡೆಯುವಂಥವು ಬರಗಾಲ, ರೋಗ, ವಲಸೆ ಮತ್ತು ದಂತಕ್ಕಾಗಿ ನಡೆಯುವ ಕಳ್ಳಬೇಟೆ. 2020ರಲ್ಲಿ ಒಕವಾಂಗೋ ಪ್ರದೇಶದಲ್ಲಿ ಮುನ್ನೂರಕ್ಕೂ ಹೆಚ್ಚು ಆನೆಗಳು ಕೆಲವೇ ತಿಂಗಳುಗಳಲ್ಲಿ ಸತ್ತು ಬಿದ್ದುವು. ನಿಂತ ನೀರಿನಲ್ಲಿ ಬೆಳೆದ ಸೂಕ್ಷ್ಮಜೀವಿಗಳ ವಿಷವೇ ಕಾರಣವೆಂದು ಸರ್ಕಾರವು ತಿಳಿಸಿತು. ಒಂದು ವರ್ಷದ ಬೇಟೆಯು ಕೊಲ್ಲುವಷ್ಟನ್ನು ನೀರಿನ ಹೊಂಡಗಳು ಸದ್ದಿಲ್ಲದೆ ಕೊಂದುವು.

ಯಾವ ಆನೆ ಸಾಯುತ್ತದೆ?

ಹಾಗಾದರೆ ಬೇಟೆಯಿಂದ ಕೇಡೇ ಇಲ್ಲವೆ? ಇಲ್ಲವೆನ್ನುವಂತಿಲ್ಲ. ಒಟ್ಟು ಸಂಖ್ಯೆಯಿಂದ ಭಾಗಿಸಿದಾಗ ಅಲ್ಪವಾಗಿ ಕಂಡದ್ದು ಬೇರೊಂದು ಸಂಖ್ಯೆಯಿಂದ ಭಾಗಿಸಿದಾಗ ಅಲ್ಪವಾಗಿ ಕಾಣದು. ಬೇಟೆಗಾರನು ಬಯಸುವುದು ಕೈಗೆ ಸಿಕ್ಕ ಆನೆಯನ್ನಲ್ಲ. ಉದ್ದವಾದ, ಭಾರವಾದ ದಂತಗಳುಳ್ಳ ಮುದಿ ಸಲಗವನ್ನು. ದಂತವು ಜೀವಮಾನವಿಡೀ ಬೆಳೆಯುವುದರಿಂದ ದೊಡ್ಡ ದಂತವೆಂದರೆ ದೊಡ್ಡ ವಯಸ್ಸು. ಅಂಥ ಸಲಗಗಳು ಒಟ್ಟು ಆನೆಗಳಲ್ಲಿ ಒಂದು ಸಣ್ಣ ಪಾಲು ಮಾತ್ರ. ಮರಿಯನ್ನು ಕಳೆದುಕೊಂಡ ಹಿಂಡು ಕೆಲವು ವರ್ಷಗಳಲ್ಲಿ ಇನ್ನೊಂದು ಮರಿಯನ್ನು ಪಡೆಯಬಹುದು. ನಲವತ್ತು ವರ್ಷದ ಸಲಗವನ್ನು ಮತ್ತೆ ಪಡೆಯಬೇಕಾದರೆ ನಲವತ್ತು ವರ್ಷವೇ ಕಾಯಬೇಕು.

ಮುದಿ ಸಲಗದಿಂದ ಇನ್ನು ಪ್ರಯೋಜನವಿಲ್ಲ, ಅದನ್ನು ತೆಗೆದರೆ ನಷ್ಟವಿಲ್ಲ ಎಂಬ ನಂಬಿಕೆ ಬೇಟೆಗಾರರಲ್ಲಿ ಬಹುಕಾಲದಿಂದ ಇತ್ತು. ಕೀನ್ಯದ ಅಂಬೊಸೆಲಿಯಲ್ಲಿ 1972ರಿಂದ ಒಂದೊಂದು ಆನೆಯನ್ನೂ ಗುರುತಿಟ್ಟು ನಡೆಸಿಕೊಂಡು ಬಂದಿರುವ ಅಧ್ಯಯನವು ಇದಕ್ಕೆ ವಿರುದ್ಧವಾದುದನ್ನು ತೋರಿಸಿದೆ. ಮೂವತ್ತೈದು ದಾಟಿದ ಸಲಗಗಳಿಗೇ ಮದ ದೀರ್ಘಕಾಲ ಬರುತ್ತದೆ. ಹುಟ್ಟುವ ಮರಿಗಳಲ್ಲಿ ಹೆಚ್ಚಿನವಕ್ಕೆ ಅವೇ ತಂದೆ. ಬೋಟ್ಸ್ವಾನದ ಮಕ್ಗಡಿಕ್ಗಡಿ ಪ್ರದೇಶದಲ್ಲಿ ಬೊಟೆಟಿ ನದಿಗೆ ಹೋಗುವ ಆನೆದಾರಿಗಳಲ್ಲಿ ಕ್ಯಾಮರಾಗಳನ್ನಿಟ್ಟು ನಡೆಸಿದ, 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಗಂಡಾನೆಗಳ ಗುಂಪು ಸಾಗುವಾಗ ಹಿರಿಯ ಸಲಗಗಳೇ ಹೆಚ್ಚಾಗಿ ಮುಂದಾಳುಗಳಾಗಿರುವುದು ಕಂಡುಬಂದಿತು.

ಹಿರಿಯರಿಲ್ಲದೆ ಹೋದರೆ ಏನಾಗುವುದೆಂಬುದಕ್ಕೆ ದಕ್ಷಿಣ ಆಫ್ರಿಕಾದ ಪಿಲನೆಸ್‌ಬರ್ಗ್ ಮೃಗೋದ್ಯಾನವು ಸಾಕ್ಷಿ. ಬೇರೆಡೆಯಲ್ಲಿ ಹಿಂಡುಗಳನ್ನು ಕೊಂದಾಗ ಉಳಿಸಿದ ತಬ್ಬಲಿ ಮರಿಗಳನ್ನು ತಂದು ಅಲ್ಲಿ ಬಿಟ್ಟಿದ್ದರು. ಅವು ಪ್ರಾಯಕ್ಕೆ ಬಂದಾಗ, ಅಕಾಲದಲ್ಲಿ ಮದವೇರಿ, 1992ರಿಂದ 1997ರೊಳಗೆ ನಲವತ್ತಕ್ಕೂ ಹೆಚ್ಚು ಬಿಳಿ ಖಡ್ಗಮೃಗಗಳನ್ನು ತಿವಿದು ಕೊಂದುವು. 1998ರಲ್ಲಿ ಆರು ಹಿರಿಯ ಸಲಗಗಳನ್ನು ತಂದು ಬಿಟ್ಟಮೇಲೆ ಕಿರಿಯವುಗಳ ಮದ ಅಡಗಿತು, ಕೊಲೆಗಳೂ ನಿಂತುವು. ಆದ್ದರಿಂದ ಎಷ್ಟು ಆನೆ ಎಂಬ ಪ್ರಶ್ನೆಗಿಂತ ಯಾವ ಆನೆ, ಯಾವ ಎಡೆಯಲ್ಲಿ ಎಂಬ ಪ್ರಶ್ನೆ ಹೆಚ್ಚು ತೂಕದ್ದು. ಇಡೀ ದೇಶದ ಸಂಖ್ಯೆಯನ್ನು ನೋಡಿ ಮಿತಿಯನ್ನು ಹಾಕಿ, ಒಂದೇ ಕಾಡಿನ ಮುದಿ ಸಲಗಗಳನ್ನು ಮುಗಿಸಿಬಿಟ್ಟರೆ ಆ ಮಿತಿಗೆ ಅರ್ಥವಿಲ್ಲ.

ಹಣದ ದಾರಿ

ಬೇಟೆಯು ಆನೆಗಳನ್ನು ಕಡಿಮೆ ಮಾಡದು ಎಂದಮೇಲೆ ಅದರ ಪ್ರಯೋಜನವೇನು? ಉತ್ತರ ಒಂದೇ: ಹಣ. 2020ರ ಫೆಬ್ರುವರಿಯಲ್ಲಿ ಸರ್ಕಾರವು ತಲಾ ಹತ್ತು ಆನೆಗಳ ಏಳು ಪರವಾನಗಿಗಳನ್ನು ಹರಾಜಿಗಿಟ್ಟಿತು. ಆರು ಮಾರಾಟವಾಗಿ ಒಟ್ಟು 2 ಕೋಟಿ 57 ಲಕ್ಷ ಪುಲಾ, ಎಂದರೆ 23 ಲಕ್ಷ ಡಾಲರುಗಳಷ್ಟು ಹಣ ಬಂದಿತು. ಆ ದೇಶದ ನಾಣ್ಯದ ಹೆಸರಾದ ‘ಪುಲಾ’ ಎಂಬ ಮಾತಿಗೆ ಮಳೆ ಎಂದರ್ಥ. ಈ ಮಳೆ ಯಾರ ಹೊಲದಲ್ಲಿ ಸುರಿಯುತ್ತದೆ ಎಂಬುದೇ ಮುಖ್ಯವಾದ ಪ್ರಶ್ನೆ.

ಒಕವಾಂಗೋ ಪ್ರದೇಶದ ಸಂಕುಯೋ ಎಂಬ ಸಣ್ಣ ಹಳ್ಳಿಯವರು ತಮ್ಮದೇ ಸಂಘವನ್ನು ಕಟ್ಟಿಕೊಂಡು, ತಮ್ಮ ಪಾಲಿಗೆ ಬಂದ ಬೇಟೆಯ ಹಕ್ಕನ್ನು ಮಾರಿ, 2010ರಲ್ಲಿ ಸುಮಾರು 6 ಲಕ್ಷ ಡಾಲರುಗಳನ್ನು ಗಳಿಸಿದ್ದರು. ಆ ಆದಾಯದಿಂದ ಮನೆಯಂಗಳಕ್ಕೆ ಕೊಳಾಯಿ ಬಂದಿತು. ಕೆಲವು ಮನೆಗಳಿಗೆ ಶೌಚಗೃಹವಾಯಿತು. ಬೇಟೆಯ ಮಾಂಸವೂ ಹಳ್ಳಿಗೆ ಸಿಗುತ್ತಿತ್ತು. 2014ರ ನಿಷೇಧದಿಂದ ಈ ವರಮಾನ ನಿಂತಿತು. ಆನೆಗಳು ಮಾತ್ರ ಹೊಲಕ್ಕೆ ಬರುವುದನ್ನು ನಿಲ್ಲಿಸಲಿಲ್ಲ. ಪ್ರೇಕ್ಷಕರನ್ನು ಕರೆತಂದು ಆ ನಷ್ಟವನ್ನು ತುಂಬಬಹುದಲ್ಲವೆ ಎಂದು ಕೇಳಬಹುದು. ನದಿಯ ದಡದಲ್ಲಿ, ಮೃಗಗಳು ಗುಂಪಾಗಿ ಕಾಣಸಿಗುವ ಎಡೆಗಳಲ್ಲಿ, ಅದು ಸಾಧ್ಯ. ಅಲ್ಲಿ ಅದೇ ಹೆಚ್ಚು ಲಾಭಕರವೂ ಹೌದು. ನೀರಿಲ್ಲದ ಕುರುಚಲು ಕಾಡಿಗೆ ಪ್ರೇಕ್ಷಕರು ಬರುವುದು ಅಪರೂಪ, ಬೇಟೆಗಾರನು ಬರುತ್ತಾನೆ.

ಆದರೆ ಹಕ್ಕು ಹಳ್ಳಿಯದಾಗಿರದೆ ಹಣವೆಲ್ಲ ರಾಜಧಾನಿಗೂ ಬೇಟೆಯ ಕಂಪೆನಿಗಳಿಗೂ ಹೋಗುವುದಾದರೆ ಹೊಲ ಕಳೆದುಕೊಂಡವನಿಗೆ ಸಲಗ ಸತ್ತರೂ ಒಂದೆ, ಬದುಕಿದರೂ ಒಂದೆ. ನೆರೆಯ ನಮೀಬಿಯವು 1996ರ ಶಾಸನದ ಮೂಲಕ ಗ್ರಾಮಸಮುದಾಯಗಳಿಗೆ ವನ್ಯಮೃಗಗಳಿಂದ ಬರುವ ಆದಾಯದ ಹಕ್ಕನ್ನು ನೇರವಾಗಿ ಕೊಟ್ಟಿದೆ. ಅಲ್ಲಿನ ಏರ್ಪಾಡು ಇತರ ದೇಶಗಳವರ ಗಮನವನ್ನು ಸೆಳೆದಿರುವುದು ಈ ಕಾರಣದಿಂದಲೇ.

ನಿಷೇಧವೊಂದೇ ಮದ್ದೆ?

ಕೀನ್ಯದೇಶವು 1977ರಲ್ಲಿ ಬೇಟೆಯನ್ನು ಮುಚ್ಚಿತು, ಇಂದಿಗೂ ತೆರೆದಿಲ್ಲ. 1977ರಿಂದ 2016ರವರೆಗೆ ಅಲ್ಲಿನ ಹುಲ್ಲುಗಾಡುಗಳಲ್ಲಿ ವನ್ಯಮೃಗಗಳು ಸರಾಸರಿಯಲ್ಲಿ ನೂರಕ್ಕೆ 68ರಷ್ಟು ಕಡಿಮೆಯಾದುವೆಂದು ಸಂಶೋಧಕರು ಲೆಕ್ಕ ಹಾಕಿದ್ದಾರೆ. ಇದಕ್ಕೆ ಬೇಲಿ, ಬೇಸಾಯ ಮತ್ತು ಹೆಚ್ಚಿದ ಕುರಿಮೇಕೆಗಳು ಕಾರಣವೇ ಹೊರತು ನಿಷೇಧವು ಕಾರಣವೆಂದು ಹೇಳುವಂತಿಲ್ಲ. ಅದೇ ಕೀನ್ಯದಲ್ಲಿ ಆನೆಗಳು 1989ರ ಸುಮಾರಿಗೆ 16 ಸಾವಿರವಿದ್ದುವು 2021ರ ಗಣತಿಯಲ್ಲಿ 36,280 ಆದುವು. ಕಳ್ಳಬೇಟೆಯನ್ನು ಬಿಗಿಯಾಗಿ ತಡೆದುದರ ಫಲ ಇದು. ಮೃಗಗಳ ಅಳಿವು ಉಳಿವುಗಳನ್ನು ಬೇಟೆಯ ಕಾನೂನು ಒಂದೇ ನಿರ್ಧರಿಸುವುದಿಲ್ಲವೆಂದು ಇದರಿಂದ ತಿಳಿಯುತ್ತದೆ. ನೆಲ ಯಾರ ಕೈಯಲ್ಲಿದೆ, ಕಾವಲು ಎಷ್ಟು ಗಟ್ಟಿ, ಕಾಡಿನ ಅಂಚಿನಲ್ಲಿರುವವನಿಗೆ ಮೃಗದಿಂದ ಲಾಭವೋ ನಷ್ಟವೋ ಎಂಬುವು ಅದಕ್ಕಿಂತ ಬಲವಾದ ಕಾರಣಗಳು.

ಆಫ್ರಿಕಾದ ಹುಲ್ಲುಗಾಡಿನ ಆನೆಯನ್ನು 2021ರಲ್ಲಿ ವಿನಾಶದ ಅಪಾಯಕ್ಕೆ ಗುರಿಯಾದ ಪ್ರಾಣಿಗಳ ಪಟ್ಟಿಗೆ ಸೇರಿಸಲಾಯಿತು. ಖಂಡದ ಬೇರೆಡೆಗಳಲ್ಲಿ ಅದು ಬರಿದಾಗುತ್ತಿರುವಾಗ ಬೋಟ್ಸ್ವಾನವು ಅದರ ದೊಡ್ಡ ಆಶ್ರಯವಾಗಿ ನಿಂತಿದೆ. ಅಂದಿನ ಅಧ್ಯಕ್ಷರು 2024ರಲ್ಲಿ, ನಿಮಗೆ ಅಷ್ಟು ಪ್ರೀತಿಯಿದ್ದರೆ ಇಪ್ಪತ್ತು ಸಾವಿರ ಆನೆಗಳನ್ನು ಕಳುಹಿಸುತ್ತೇವೆ, ಅವುಗಳ ಜೊತೆಯಲ್ಲಿ ಬಾಳಿ ನೋಡಿ ಎಂದು ಜರ್ಮನಿಯವರಿಗೆ ಹೇಳಿದ್ದು ಹಾಸ್ಯದಂತೆ ಕೇಳಿಸಿದರೂ ಅದರ ಹಿಂದಿನ ನೋವು ಹಾಸ್ಯದ್ದಲ್ಲ.

ವಿನೋದಕ್ಕಾಗಿ ಜೀವಿಯನ್ನು ಕೊಲ್ಲಬಹುದೆ ಎಂಬ ಪ್ರಶ್ನೆಯನ್ನು ವಿಜ್ಞಾನವು ತೀರ್ಮಾನಿಸಲಾರದು. ಅದು ಪ್ರತಿಯೊಬ್ಬನ ಅಂತಃಕರಣಕ್ಕೆ ಬಿಟ್ಟದ್ದು. ಆದರೆ ಬೇಟೆಯ ಹೆಸರಿನಲ್ಲಿ ಹೇಳಲಾಗುವ ಮಾತುಗಳನ್ನು ವಿಜ್ಞಾನವು ಪರೀಕ್ಷಿಸಬಲ್ಲದು. ಸಂಖ್ಯೆಯ ನಿಯಂತ್ರಣಕ್ಕಾಗಿ ಬೇಟೆ ಎಂದರೆ ಲೆಕ್ಕ ಒಪ್ಪುವುದಿಲ್ಲ. ಆನೆಯೊಡನೆ ಬಾಳುವವರಿಗೆ ಆದಾಯಕ್ಕಾಗಿ ಬೇಟೆ ಎಂದರೆ ಆದಾಯದ ಲೆಕ್ಕವನ್ನು ತೋರಿಸಬೇಕು: ಹಳ್ಳಿಗೆ ಎಷ್ಟು ಹೋಯಿತು, ಆ ಕಾಡಿನಲ್ಲಿ ಹಿರಿಯ ಸಲಗಗಳು ಎಷ್ಟು ಉಳಿದಿವೆ ಎಂದು ವರ್ಷವರ್ಷವೂ ಬರೆದಿಡಬೇಕು. ಈ ಎರಡು ಲೆಕ್ಕಗಳಲ್ಲಿ ಒಂದು ತಪ್ಪಿದರೂ ಸತ್ತ ಸಲಗದಿಂದ ಬೇಟೆಗಾರನ ಗೋಡೆಗೆ ಅಲಂಕಾರವಾದೀತೇ ಹೊರತು ಕಾಡಿಗಾಗಲಿ ಊರಿಗಾಗಲಿ ಏನೂ ದಕ್ಕದು.